ನಾಲ್ಕನೇ ನಂಬರ್ ಮನೆಯ ಅರಳಿ ಗಿಡ

2022ರಲ್ಲಿ ನಾನು ಮೈಸೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ಕಟ್ಟಡಗಳ ನಿರ್ವಹಣೆ ನನ್ನ ಕೆಲಸ. ಹೊಸದಾಗಿ ಕಟ್ಟಿಸುವವರ ಹೆಸರು ಕಲ್ಲಿನ ಮೇಲೆ ಬರುತ್ತದೆ. ನಿರ್ವಹಣೆಯವರ ಪಾಲಿಗೆ ಬರುವುದು ಸೋರುವ ತಾರಸಿ, ಕಟ್ಟಿಕೊಂಡ ಪೈಪು ಮತ್ತು ಬೈಗುಳ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ಅದೊಂದು ಕಡೆ ಮಾತ್ರ ಹೀಗೆ ಎಂದುಕೊಂಡು ಉಳಿದವರೆಲ್ಲ ಹಾಯಾಗಿ ಕಾಫಿ ಕುಡಿಯುತ್ತಾರೆ. ಆ ಹಾಯಿ ಅವರಿಗೆ ಸಿಗಬಾರದು ಎನ್ನುವುದು ನನ್ನ ಆಸೆ.

ಜಯಲಕ್ಷ್ಮಿಪುರಂ ಕಡೆ ಸಂಸ್ಥೆಯ ಎಂಟು ಕ್ವಾರ್ಟರ್ಸ್ ಇದ್ದವು. ಒಂದೇ ಕಾಂಪೌಂಡು, ಒಂದೇ ಟ್ಯಾಂಕು, ಹೊಂಗೆ ಮರದ ನೆರಳು. ಒಂದು ನಡುಮನೆ, ಎರಡು ರೂಮು, ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಆರ್‌ಸಿಸಿ ಚಾವಣಿಯ, ಇಟ್ಟಿಗೆ ಗೋಡೆಯ ಗಟ್ಟಿ ಮನೆಗಳು. ಏಳರಲ್ಲಿ ಜನ ಇದ್ದರು. ನಾಲ್ಕನೆಯದಕ್ಕೆ ಒಂಬತ್ತು ವರ್ಷದಿಂದ ಬೀಗ. ನಾನು ಆ ಹುದ್ದೆಗೆ ಬಂದು ಕೆಲವೇ ತಿಂಗಳಾಗಿತ್ತು. ಬೀಗ ಯಾಕೆ ಎಂದು ಕೇಳಿದರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು.

ಕಥೆ ಇಷ್ಟೆ. ಆ ಮನೆಯಲ್ಲಿದ್ದ ಅಧೀಕ್ಷಕರೊಬ್ಬರು ಹೃದಯಾಘಾತದಿಂದ ತೀರಿಕೊಂಡಿದ್ದರು. ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದು ಪುರೋಹಿತರು ಹೇಳಿದರು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆಯವರು ಮೂರೋ ಆರೋ ತಿಂಗಳು ಬೇರೆ ಕಡೆ ಇರುವುದು ನಮ್ಮ ಸೀಮೆಯಲ್ಲಿ ಇಂದಿಗೂ ಇರುವ ಆಚಾರ. ಅವರ ಹೆಂಡತಿ ಮಕ್ಕಳು ಬಾಗಿಲಿಗೆ ಬೀಗ ಹಾಕಿ ಹೋದರು. ಆಮೇಲೆ ತವರಿನ ಕಡೆಯೇ ನೆಲೆ ನಿಂತರು, ಬೀಗದ ಕೈ ಕಚೇರಿಗೆ ಬಂತು.

ನನಗೆ ಈ ನಕ್ಷತ್ರಗಳಲ್ಲಿ ನಂಬಿಕೆಯಿಲ್ಲ. ಆದರೆ ನಮ್ಮ ತಾತ ಹೋದಾಗ ನಾವೂ ಹೀಗೇ ಮನೆ ಬಿಟ್ಟು ಚಿಕ್ಕಪ್ಪನ ಮನೆ ಸೇರಿದ್ದೆವು. ಅಜ್ಜಿ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತಿದ್ದರು. ಅವಧಿ ಮುಗಿದ ಬೆಳಗ್ಗೆ ಶಾಂತಿ ಮಾಡಿಸಿ, ಹಾಲು ಉಕ್ಕಿಸಿ, ಎಲ್ಲರಿಗಿಂತ ಮುಂದೆ ಅವರೇ ಒಳಗೆ ಕಾಲಿಟ್ಟರು. ಆಚಾರಕ್ಕೆ ಬಾಗಿಲು ಮುಚ್ಚುವುದೂ ಗೊತ್ತಿತ್ತು, ತೆರೆಯುವುದೂ ಗೊತ್ತಿತ್ತು. ನಮ್ಮ ಕಚೇರಿ ಆಚಾರದ ಅರ್ಧ ಮಾತ್ರ ಇಟ್ಟುಕೊಂಡಿತು. ಪಂಚಾಂಗ ಕೇಳಿದ್ದು ಆರು ತಿಂಗಳು, ನಾವು ಕೊಟ್ಟಿದ್ದು ಒಂಬತ್ತು ವರ್ಷ.

ಅಷ್ಟು ವರ್ಷದಲ್ಲಿ ಆ ಮನೆಯನ್ನು ಯಾರಿಗೂ ಹಂಚಿರಲಿಲ್ಲ ಎಂದಲ್ಲ. ಹಂಚಿದಾಗಲೆಲ್ಲ ಬೇಡ ಎಂದಿದ್ದರು. ನಕ್ಷತ್ರ ಎಂದು ಬಾಯಿ ಬಿಟ್ಟು ಹೇಳಲು ವಿದ್ಯಾವಂತರಿಗೆ ನಾಚಿಕೆ. ಹಾಗಾಗಿ ಒಬ್ಬರಿಗೆ ಮಕ್ಕಳ ಶಾಲೆ ದೂರ, ಇನ್ನೊಬ್ಬರ ತಾಯಿಗೆ ಗಾಳಿ ಸಾಲದು, ಮತ್ತೊಬ್ಬರಿಗೆ ನೀರಿನ ಒತ್ತಡ ಕಡಿಮೆ. ಪಕ್ಕದ ಮೂರನೇ ಮನೆಗೂ ಐದನೇ ಮನೆಗೂ ಅದೇ ಟ್ಯಾಂಕಿನಿಂದ, ಅದೇ ಪೈಪಿನಲ್ಲಿ ನೀರು ಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಾದೇವಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಮ್ಮ ಆಡಳಿತ ವಿಭಾಗದ ಅಟೆಂಡರ್. ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯವರು, ಮದುವೆಯಾಗಿ ಮೈಸೂರಿಗೆ ಬಂದವರು. ಗಂಡ ಸಿದ್ದರಾಜು ಗೂಡ್ಸ್ ಆಟೋ ಓಡಿಸುತ್ತಿದ್ದರು. ಮಗಳು ಸುಜಾತ ಜೂನ್‌ನಲ್ಲಿ ಎರಡನೇ ಪಿಯುಸಿಗೆ ಹೋಗುವವಳಿದ್ದಳು.

"ಮೇಡಂ, ನಾಕ್ನೇ ನಂಬರ್ ಮನೆ ಬಿದ್ದೋಗೋ ಅಂಗದಾ?" ಎಂದು ಕೇಳಿದರು.

"ಯಾರು ಹೇಳಿದ್ರು?"

"ಅರ್ಜಿ ಆಕಿವ್ನಿ. ಅದು ಬಿದ್ದೋಗ್ತದೆ, ನಿಂಗ್ಯಾಕೆ ಅಂತವ್ರೆ."

ಕೂರಿಸಿ ಕೇಳಿದೆ. ಮೇಟಗಳ್ಳಿಯಲ್ಲಿ ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಮಹಡಿ ಕಟ್ಟಲು ಹೊರಟಿದ್ದರು. ಮೇ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಊರೆಲ್ಲ ಸುತ್ತಿದ್ದರು. ಮನೆಗಳೇನೋ ಇದ್ದವು. 'ಬಾಡಿಗೆಗಿದೆ' ಬೋರ್ಡುಗಳಿಗೆ ಮೈಸೂರಿನಲ್ಲಿ ಎಂದೂ ಬರ ಬಂದಿಲ್ಲ, ಅದರ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆಯುವವರಿಗೂ ಬಂದಿಲ್ಲ.

"ಮನೆ ತೋರುಸ್ತಾರೆ, ಬಾಡ್ಗೆ ಯೋಳ್ತಾರೆ, ಆಮೇಲೆ ನೀವು ಯಾವ ಪೈಕಿ ಅಂತಾರೆ," ಎಂದರು ಮಾದೇವಮ್ಮ. "ನಾವು ಬುದ್ಧಂಗೆ ನಡ್ಕೊಳೋರು ಅಂದ್ರೆ, ಅದ್ಸರಿ ಕಣಮ್ಮ, ಅದಕ್ಕೂ ಮುಂಚೆ ಅಂತಾರೆ. ಮಗಳ್ ಮುಂದ್ಗಡೇನೇ ಕೇಳ್ತಾರೆ ಮೇಡಂ. ಅವ್ಳು ಇನ್ಮೇಲೆ ಮನೆ ನೋಡಕ್ ಬರಕ್ಕಿಲ್ಲ ಅಂತ ಕೂತ್ಕಂಡವ್ಳೆ."

ನಾನು ಎಂಜಿನಿಯರ್. ನನ್ನ ಕೈಲಾಗುವುದು ಮನೆ ಬೀಳುತ್ತದೋ ಇಲ್ಲವೋ ಎಂದು ಹೇಳುವುದು. ನಾಳೆಯೇ ನೋಡಿ ಹೇಳುತ್ತೇನೆ ಎಂದೆ.

ನಾನು ನೋಡುವ ಮೊದಲೇ ಪ್ರಸನ್ನಕುಮಾರ್ ನನ್ನನ್ನು ನೋಡಲು ಬಂದರು. ಕ್ವಾರ್ಟರ್ಸ್ ಹಂಚಿಕೆ ಸಮಿತಿಯ ಕಾರ್ಯದರ್ಶಿ. ಮೂರನೇ ನಂಬರ್ ಮನೆಯಲ್ಲಿ ಇದ್ದವರು, ಅಂದರೆ ಬೀಗ ಹಾಕಿದ ಮನೆಗೆ ಗೋಡೆಗೆ ಗೋಡೆ ಅಂಟಿದ ನೆರೆ. ಎಂದೂ ದನಿ ಎತ್ತರಿಸದ, ಎಲ್ಲರ ಮನೆಯ ಕಾರ್ಯಕ್ಕೂ ತಪ್ಪದೆ ಬರುವ, ತುಂಬ ಒಳ್ಳೆಯವರು ಎಂದು ಹೆಸರು ಪಡೆದ ಮನುಷ್ಯ.

"ಮೇಡಂ, ಆ ಮನೆ ತೀರಾ ಶಿಥಿಲ ಆಗೋಗಿದೆ. ವಾಸಕ್ಕೆ ಯೋಗ್ಯ ಅಲ್ಲ ಅಂತ ಒಂದು ರಿಪೋರ್ಟ್ ಹಾಕ್ಬುಡಿ, ಕೆಡವೋಕೆ ಕಳಿಸೋಣ," ಎಂದರು.

"ನೋಡದೆ ಹೇಗ್ರೀ ಹಾಕೋದು?"

"ಬಿರುಕು ರಸ್ತೆಗೇ ಕಾಣುತ್ತಲ್ಲ ಮೇಡಂ. ಪಾಪ, ಆಕೆ ಮಗಳನ್ನ ಕರ್ಕೊಂಡು ಬಂದು ಏನಾದ್ರೂ ಆದ್ರೆ ನಾಳೆ ನಿಮ್ಮ ತಲೆ ಮೇಲೇ ಬರುತ್ತೆ."

ಆ 'ಪಾಪ' ಎನ್ನುವ ಮಾತು ಕಿವಿಗೆ ಬಿದ್ದಾಗಲೇ ನನಗೆ ಮೈ ಉರಿಯಿತು. ಒಂಬತ್ತು ವರ್ಷ ಆ ಬಿರುಕಿನ ಪಕ್ಕದಲ್ಲೇ ಗೋಡೆ ಹಂಚಿಕೊಂಡು ಮಲಗಿದ್ದಾರೆ, ಒಂದು ದಿನವಾದರೂ ರಿಪೋರ್ಟ್ ಕೇಳಿಲ್ಲ. ಮಾದೇವಮ್ಮನ ಅರ್ಜಿ ಬಂದ ವಾರದಲ್ಲೇ ಮನೆ ಶಿಥಿಲವಾಯಿತು. ನೋಡಿಯೇ ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ.

ಮರುದಿನ ಬೆಳಗ್ಗೆ ನಮ್ಮ ಗಾರೆ ಮೇಸ್ತ್ರಿ ಶಿವಣ್ಣನನ್ನು ಕರೆದುಕೊಂಡು ಹೋದೆ. ಬೀಗ ತುಕ್ಕು ಹಿಡಿದು ಕಲ್ಲಾಗಿತ್ತು, ಕೊಯ್ದು ತೆಗೆಯಬೇಕಾಯಿತು. ಒಳಗೆ ಮುಗ್ಗಲು ವಾಸನೆ, ಬಾವಲಿ ಹಿಕ್ಕೆ, ಗೋಡೆಯ ಮೂಲೆಯಲ್ಲಿ ಕಪ್ಪು ಪಾಚಿ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲಾಗಿ ಹಾಗೇ ಇತ್ತು. ಖಾಲಿ ಮನೆ ಕೆಡುವುದು ವಯಸ್ಸಿನಿಂದ ಎಂದು ಜನ ತಿಳಿದಿದ್ದಾರೆ. ಮನೆ ಕೆಡುವುದು ತಾರಸಿ ಗುಡಿಸುವವರು ಇಲ್ಲದೆ. ಹೊಂಗೆ ಎಲೆ ಬಿದ್ದು ಮಳೆನೀರಿನ ಪೈಪು ಕಟ್ಟಿಕೊಂಡಿತ್ತು. ನೀರು ತಾರಸಿಯಲ್ಲಿ ನಿಂತು, ಗೋಡೆಗೆ ಇಳಿದು, ಗಾರೆ ಉದುರಿಸಿತ್ತು. ವರ್ಷಕ್ಕೆ ಒಂದು ಸಲ ಪೊರಕೆ ಆಡಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಇನ್ನು ಬಿರುಕು. ಬಿರುಕು ಎಂದ ತಕ್ಷಣ ಜನ ಹೆದರುತ್ತಾರೆ, ಹೆದರಿಸುವವರಿಗೂ ಅದು ಗೊತ್ತಿರುತ್ತದೆ. ಪಾಯ ಕುಸಿದರೆ ಬರುವ ಬಿರುಕು ಸಾಮಾನ್ಯವಾಗಿ ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಡುತ್ತದೆ. ಇಲ್ಲಿ ಹಾಗಿರಲಿಲ್ಲ. ಈ ಬಿರುಕು ತಾರಸಿಯ ಅಂಚಿನ ಪ್ಯಾರಪೆಟ್ ಗೋಡೆಯಲ್ಲಿ ಹುಟ್ಟಿ, ಚಾವಣಿಯ ಹತ್ತಿರ ಬಂದು ನಿಂತಿತ್ತು. ಕೆಳಗಿನ ಗೋಡೆಗಳು ನೆಟ್ಟಗಿದ್ದವು. ರೀಬೌಂಡ್ ಹ್ಯಾಮರ್ ತರಿಸಿ ಚಾವಣಿಯನ್ನು ಅಲ್ಲಲ್ಲಿ ಪರೀಕ್ಷಿಸಿದೆ. ಕಾಂಕ್ರೀಟಿನ ಮೇಲೆ ಒತ್ತಿದಾಗ ಎಷ್ಟು ಪುಟಿಯುತ್ತದೆ ಎಂಬುದರಿಂದ ಅದರ ಗಟ್ಟಿತನ ಅಂದಾಜು ಮಾಡುವ ಉಪಕರಣ ಅದು. ಚಾವಣಿ ಚೆನ್ನಾಗಿತ್ತು. ಇನ್ನೂ ಒಂದು ತಲೆಮಾರು ಸಂಸಾರ ಮಾಡಬಹುದಾದ ಮನೆ.

ಬಿರುಕಿಗೆ ಕಾರಣ ಪ್ಯಾರಪೆಟ್ಟಿನ ಮೇಲೆ ನಿಂತಿತ್ತು. ಅರಳಿ ಗಿಡ. ಹಕ್ಕಿ ತಂದು ಹಾಕಿದ ಬೀಜ ಇಟ್ಟಿಗೆಯ ಸಂದಿಯಲ್ಲಿ ಮೊಳೆತು ನನ್ನ ಎದೆಯುದ್ದ ಬೆಳೆದಿತ್ತು. ಸುತ್ತ ಹುಲ್ಲು ಕಿತ್ತ ಗುರುತಿತ್ತು, ಅರಳಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಗಿಡ ತೆಗೆಯಲು ಬಂದವರೆಲ್ಲ ಬೇರೆ ಏಳು ಮನೆಯ ಗಿಡ ಕಿತ್ತು, ಇಲ್ಲಿ ಎಲೆ ಗುಡಿಸದೆ ಇದರ ಬುಡ ಮಾತ್ರ ಚೊಕ್ಕಟ ಮಾಡಿ ಹೋಗಿದ್ದರು.

"ತೆಗಿ ಶಿವಣ್ಣ," ಎಂದೆ.

ಶಿವಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ನನ್ ಕೈಲಿ ಅರಳಿ ಕಡಿಸ್ಬ್ಯಾಡಿ ಮೇಡಂ. ಮಕ್ಕಳೊಂದಿಗ ನಾನು."

ಅವನ ಮೇಲೆ ರೇಗಲು ನನಗೆ ಮನಸ್ಸಾಗಲಿಲ್ಲ. ಅವನು ಹೆದರಿಕೆಯನ್ನು ಹೆದರಿಕೆ ಎಂದೇ ಹೇಳಿದ್ದ. 'ಗೋಡೆಗಳು, ಚಾವಣಿ ಸುಭದ್ರ. ಗಿಡವನ್ನು ಬೇರು ಸಮೇತ ತೆಗೆದು, ಪ್ಯಾರಪೆಟ್ ಹೊಸದಾಗಿ ಕಟ್ಟಿ, ತಾರಸಿಗೆ ನೀರು ಸೋರದ ಗಾರೆ ಹಾಕಿದರೆ ವಾಸಕ್ಕೆ ಯೋಗ್ಯ' ಎಂದು ರಿಪೋರ್ಟ್ ಬರೆದು ಸಹಿ ಹಾಕಿದೆ.

ಮೇ ಮೊದಲ ವಾರ ಸಮಿತಿ ಸೇರಿತು. ನಿರ್ದೇಶಕರ ಅಧ್ಯಕ್ಷತೆ. ಸುತ್ತ ವಿಭಾಗದ ಮುಖ್ಯಸ್ಥರು, ಪ್ರಸನ್ನಕುಮಾರ್, ಕೊನೆಯ ಕುರ್ಚಿಯಲ್ಲಿ ನಾನು. ನಾನು ರಿಪೋರ್ಟ್ ಓದಿ ಮುಗಿಸಿದೆ. ಶಿಥಿಲ ಎನ್ನುವ ಮಾತು ಅಲ್ಲಿಗೆ ಸತ್ತಿತು. ಇನ್ನೇನು ಮನೆ ಸಿಕ್ಕಿತು ಎಂದುಕೊಂಡೆ.

ಪ್ರಸನ್ನಕುಮಾರ್ ಗಂಟಲು ಸರಿಮಾಡಿಕೊಂಡರು. "ಸಾರ್, ಅಲ್ಲಿ ಒಂದು ದುರ್ಮರಣ ಆಗಿದೆ. ನಕ್ಷತ್ರ ದೋಷ ಇದೆ. ಸ್ಟಾಫೇ ಹೋಗ್ಲಿಲ್ಲ. ಬಡವರು, ಅವರಿಗ್ಯಾಕೆ ಅದು ಅಂತ. ಅವರ ಒಳ್ಳೇದಕ್ಕೇ ನಾವು ಹೇಳ್ತಿರೋದು."

"ಆಕೆಯೂ ಸ್ಟಾಫೇ ಕಣ್ರೀ," ಎಂದೆ.

ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಒಂಬತ್ತು ವರ್ಷ ಅರ್ಜಿಗಳಲ್ಲಿ ಶಾಲೆ, ಗಾಳಿ, ನೀರು ಎಂದು ವೇಷ ಹಾಕಿಕೊಂಡು ಓಡಾಡಿದ್ದ ನಕ್ಷತ್ರ ಅಂದು ಮೊದಲ ಸಲ ಸ್ವಂತ ಹೆಸರಿನಲ್ಲಿ ಸಭೆಗೆ ಬಂದಿತ್ತು. ನಾನು ಆರು ತಿಂಗಳ ಲೆಕ್ಕ ಹೇಳಿದೆ. ನಕ್ಷತ್ರದ ಅವಧಿ ಮುಗಿದು ಎಷ್ಟು ಕಾಲವಾಯಿತು, ಬೇಕಾದರೆ ನೀವು ನಂಬುವ ಪುರೋಹಿತರನ್ನೇ ಕರೆಸಿ ಕೇಳಿ ಎಂದೆ. ಒಬ್ಬಿಬ್ಬರು ತಲೆದೂಗಿದರು. ಆಗ ಮೂರನೆಯ ಕಾರಣ ಬಂತು.

"ಅದೆಲ್ಲ ಸರಿ ಮೇಡಂ. ಆದ್ರೆ ನಿಮ್ಮ ರಿಪೋರ್ಟಲ್ಲೇ ಇದೆ, ಗಿಡ ತೆಗೀಬೇಕು ಅಂತ. ಅದು ಅಶ್ವತ್ಥ. ನಮ್ಮ ಕಾಂಪೌಂಡಲ್ಲಿ ಅಶ್ವತ್ಥ ಕಡಿಸಿದ ಪಾಪ ಯಾರು ಹೊರ್ತಾರೆ? ಏಳು ಮನೇಲಿ ಹೆಣ್ಣುಮಕ್ಕಳು ಇದಾರೆ."

ನಿರ್ದೇಶಕರು ಪೆನ್ನು ಕೆಳಗಿಟ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಅಧಿಕಾರಿ. "ಗಿಡ ತೆಗೀದೆ ರಿಪೇರಿ ಆಗಲ್ವೇನ್ರೀ?" ಎಂದು ನನ್ನನ್ನು ಕೇಳಿದರು. ಆಗುವುದಿಲ್ಲ, ಬೇರು ಒಳಗಿದ್ದರೆ ಕಟ್ಟಿದ ಗೋಡೆ ಮತ್ತೆ ಬಾಯಿ ಬಿಡುತ್ತದೆ ಎಂದೆ. "ಹಾಗಾದ್ರೆ ಕಷ್ಟ," ಎಂದರು.

ನನಗೆ ಆ ಕ್ಷಣ ಬಂದ ಕೋಪ ಇಂದಿಗೂ ಆರಿಲ್ಲ. ಮನುಷ್ಯರು ನೆರಳಿಲ್ಲದೆ ಬೀದಿಗೆ ಬೀಳಬಹುದು, ಗೋಡೆ ಸೀಳುತ್ತಿರುವ ಗಿಡಕ್ಕೆ ನೋವಾಗಬಾರದು. ತಾವೂ ಇರುವುದಿಲ್ಲ, ಇರುವವರಿಗೂ ಬಿಡುವುದಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಲು ಎದ್ದು ನಿಂತೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕಾಫಿಯ ತಟ್ಟೆ ಹಿಡಿದು ಮಾದೇವಮ್ಮ ಒಳಗೆ ಬಂದರು. ಆಡಳಿತ ವಿಭಾಗದ ಅಟೆಂಡರ್ ಅಲ್ಲವೆ, ಸಭೆಗೆ ಕಾಫಿ ಕೊಡುವುದು ಅವರದೇ ಕೆಲಸ. ಯಾರ ಮನೆಯ ಮಾತು ನಡೆದಿತ್ತೋ ಅವರ ಕೈಯಿಂದಲೇ ಎಲ್ಲರೂ ಲೋಟ ತೆಗೆದುಕೊಂಡರು. ಪ್ರಸನ್ನಕುಮಾರ್ ಮಾತ್ರ ತಮಗೆ ಅಂದು ಕಾಫಿ ಬೇಡ ಎಂದರು.

ನಾನು ನಿಂತವಳು ನಿಂತೇ ಹೇಳಿದೆ: "ಮಾದೇವಮ್ಮ, ನಾಲ್ಕನೇ ಮನೆ ಗಟ್ಟಿಯಾಗಿದೆ. ಅಲ್ಲಿ ಸಾವಾದ ನಕ್ಷತ್ರ ಸರಿ ಇಲ್ವಂತೆ. ಮೇಲೆ ಅರಳಿ ಗಿಡ ಇದೆ, ಅದನ್ನ ಕಡಿದ್ರೆ ಪಾಪ ಬರುತ್ತಂತೆ. ಅದಕ್ಕೆ ನಿಮಗೆ ಮನೆ ಕೊಡೋದು ಕಷ್ಟ ಅಂತಿದ್ದಾರೆ."

ಮಾದೇವಮ್ಮ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು.

"ನಕ್ಷತ್ರ ನಾವು ಕೇಳಕ್ಕಿಲ್ಲ ಸಾರ್. ಇನ್ನು ಅರಳಿ. ಅದು ನಮ್ ಬುದ್ಧ ಕುಂತಿದ್ದ ಮರ. ನಮ್ಮನೇಲಿ ಅದ್ನ ಯಾರೂ ಕಡಿಯಕ್ಕಿಲ್ಲ. ಗ್ವಾಡೆ ಬುಡ್ಸಿ, ಬೇರ್ ಸಮೇತ ತಗ್ದು, ಮುಂದ್ಗಡೆ ಮೂಲೇಲಿ ನೆಟ್ಕತೀವಿ. ನೀರಾಕೋದ್ ನಮ್ ಪಾಡು. ಅದುಕ್ಕೂ ನೆಲ ಬೇಕು, ನಮ್ಗೂ ನೆಲ ಬೇಕು."

ಇಷ್ಟು ಹೇಳಿ ಬಾಗಿಲು ಮುಚ್ಚಿಕೊಂಡು ಹೋದರು. ಅಶ್ವತ್ಥದ ಹೆಸರು ಹಿಡಿದು ಬಂದವರಿಗೆ ಅಶ್ವತ್ಥ ಉಳಿಯುತ್ತದೆ ಎಂದ ಮೇಲೆ ಹೇಳಲು ಇನ್ನೊಂದು ಮಾತು ಮಾತ್ರ ಉಳಿದಿತ್ತು. ಮನೆ ಮಾಲೀಕರು ಬಾಯಿ ಬಿಟ್ಟು ಕೇಳುತ್ತಿದ್ದ ಆ ಮಾತನ್ನು ಸಭೆಯಲ್ಲಿ ಆಡಿದರೆ ಕಾನೂನು ಕೇಳಿಸಿಕೊಳ್ಳುತ್ತದೆ, ಹಾಗಾಗಿ ಹೇಳುವ ಹಾಗಿರಲಿಲ್ಲ. ನಿರ್ದೇಶಕರಿಗೂ ಕೋಲು ಮುರಿಯದೆ ಕೆಲಸವಾಯಿತು. ಸಹಿ ಹಾಕಿದರು.

ಕೆಲಸ ಮರುದಿನವೇ ಹಿಡಿಸಿದೆ. ತಡಮಾಡಿದರೆ ನಾಲ್ಕನೆಯ ಕಾರಣ ಹುಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಕಡಿಯುವುದಲ್ಲ, ಕೀಳುವುದು ಎಂದ ಮೇಲೆ ಶಿವಣ್ಣನೂ ತಾರಸಿ ಹತ್ತಿದ. ಸಿದ್ದರಾಜು ಆಟೋ ಬಿಟ್ಟು ಬಂದು ಕೈ ಜೋಡಿಸಿದರು. ಇಬ್ಬರೂ ಒಂದೊಂದೇ ಇಟ್ಟಿಗೆ ಬಿಡಿಸಿ, ಬೇರಿನ ಎಳೆ ಎಳೆಯನ್ನೂ ಸಂದಿಯಿಂದ ಬಿಡಿಸಿಕೊಂಡು, ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಳಿಸಿದರು. ಕಾಂಪೌಂಡಿನ ಮೂಲೆಯಲ್ಲಿ ನೆಟ್ಟರು. ವಾರದೊಳಗೆ ಎಲೆಗಳೆಲ್ಲ ಉದುರಿ ಕಡ್ಡಿ ಉಳಿಯಿತು. ಏಳೂ ಮನೆಯವರು ಬಂದು ನೋಡಿ, ಆಗಲೇ ಹೇಳಿರಲಿಲ್ಲವೆ ಎನ್ನುವ ಮುಖ ಮಾಡಿಕೊಂಡು ಹೋದರು. ಮಾದೇವಮ್ಮ ದಿನಾ ಕಚೇರಿ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ನೀರು ಹಾಕಿದರು. ಮುಂಗಾರಿಗೂ ಮುಂಚಿನ ಒಂದು ಮಳೆಗೆ ಕಡ್ಡಿಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಂತು.

ಅಷ್ಟು ಹೊತ್ತಿಗೆ ಪ್ಯಾರಪೆಟ್ ಎದ್ದಿತ್ತು, ತಾರಸಿ ಒಣಗಿತ್ತು, ಗೋಡೆಗೆ ಸುಣ್ಣ ಬಿದ್ದಿತ್ತು. ಮೇ ಕೊನೆಯ ಭಾನುವಾರ ಅವರು ಸಾಮಾನು ತಂದರು. ಹಾಲು ಉಕ್ಕಿಸಿದರು, ನಡುಮನೆಯಲ್ಲಿ ಬುದ್ಧನ ಪಟ ಇಟ್ಟು ಮೇಣದ ಬತ್ತಿ ಹಚ್ಚಿದರು. ಮಾದೇವಮ್ಮ ಹಿಂದಿನ ದಿನ ಏಳೂ ಮನೆಗೆ ಹೋಗಿ ಪಾಯಸಕ್ಕೆ ಕರೆದು ಬಂದಿದ್ದರು. ಬಂದವರು ಐದನೇ ಮನೆಯ ಲೈಬ್ರರಿಯನ್ ಒಬ್ಬರೇ. ಉಳಿದ ಮನೆಗಳ ಬಾಗಿಲು ಭಾನುವಾರದ ಬೆಳಗ್ಗೆ ಮುಚ್ಚಿದ್ದವು, ಒಳಗಿನಿಂದ ಟಿವಿ ಸದ್ದು ಮಾತ್ರ ಬರುತ್ತಿತ್ತು. ನಾನು ಎರಡು ಲೋಟ ಪಾಯಸ ಕುಡಿದೆ. ಸಿಟ್ಟಿನಲ್ಲಿ ಮೂರನೆಯದನ್ನೂ ಕೇಳಿ ಕುಡಿದೆ. ಪಾತ್ರೆ ಆದರೂ ತುಂಬಿಯೇ ಇತ್ತು.

ದಸರಾ ಕಳೆದ ಮೇಲೆ ಪ್ರಸನ್ನಕುಮಾರ್ ಮೂರನೇ ಮನೆ ಖಾಲಿ ಮಾಡುತ್ತೇನೆ ಎಂದು ಬರೆದುಕೊಟ್ಟರು. ಕಾರಣ, ನೀರಿನ ಒತ್ತಡ ಕಡಿಮೆ. ಅರ್ಜಿ ನನ್ನ ಮೇಜಿಗೇ ಬಂತು. ನಾನೇ ಹೋಗಿ ನಲ್ಲಿ ತಿರುಗಿಸಿದೆ. ನೀರು ಬಕೆಟ್ಟಿನಿಂದ ಸಿಡಿದು ಸೀರೆಯ ನೆರಿಗೆ ನೆನೆಯಿತು. 'ನೀರಿನ ಒತ್ತಡ ಸರಿಯಾಗಿದೆ' ಎಂದು ಬರೆದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವರು ಬೇರೆ ಬಡಾವಣೆಗೆ ಹೋದರು. ಮೂರನೇ ಮನೆಯನ್ನು ಆಮೇಲೆ ಯಾರಿಗೆ ಹಂಚಿದರೂ ಅವರಿಗೆ ಒಬ್ಬೊಬ್ಬರಾಗಿ ಶಾಲೆ ದೂರವಾಯಿತು, ಗಾಳಿ ಸಾಲದಾಯಿತು. ಆರು ತಿಂಗಳು ಬೀಗ ಬಿದ್ದ ಮನೆಯನ್ನು ಮೊದಲು ಕೇಳಿದ ಅರ್ಹರಿಗೆ ಕೊಡಲೇಬೇಕು ಎಂದು ಒಂದು ನಿಯಮದ ಕರಡು ಮಾಡಿ ಸಮಿತಿಗೆ ಕೊಟ್ಟೆ. ನಕ್ಷತ್ರಕ್ಕೆ ಸಾಕಾಗುವ ಕಾಲ ಸರ್ಕಾರಿ ಕೆಲಸದವರಿಗೂ ಸಾಕು ಎಂದು ವಾದಿಸಿದೆ. ಪರಿಶೀಲನೆಯಲ್ಲಿದೆ ಎಂದರು. ನಾನು ನಿವೃತ್ತಳಾದ ದಿನವೂ ಅದು ಪರಿಶೀಲನೆಯಲ್ಲೇ ಇತ್ತು.

ಕಳೆದ ಶ್ರಾವಣದಲ್ಲಿ ಒಂದು ಶನಿವಾರ ಬೆಳಗ್ಗೆ ಮಾದೇವಮ್ಮನನ್ನು ನೋಡಲು ಹೋಗಿದ್ದೆ. ಸುಜಾತ ನರ್ಸಿಂಗ್ ಓದುತ್ತಿದ್ದಾಳೆ, ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಮೂಲೆಯ ಅರಳಿ ಮನೆಯ ಚಾವಣಿ ಮೀರಿ ಬೆಳೆದಿದೆ. ಅದರ ಬುಡಕ್ಕೆ ಅರಿಶಿನ ಕುಂಕುಮ, ಕಾಂಡಕ್ಕೆ ನೂಲು. ಸಾಲು ಮನೆಯ ಹೆಂಗಸರು ಮಡಿಯುಟ್ಟು ಪ್ರದಕ್ಷಿಣೆ ಬರುತ್ತಿದ್ದರು. ಪ್ರಸನ್ನಕುಮಾರರ ಹೆಂಡತಿಯೂ ಹೊಸ ಮನೆಯಿಂದ ಸ್ಕೂಟರಿನಲ್ಲಿ ಬಂದಿದ್ದರು. ಮರದ ಪಕ್ಕದಲ್ಲೇ ಮಾದೇವಮ್ಮನ ಮನೆಯ ನಲ್ಲಿ ಇದೆ. ಎಲ್ಲರೂ ನೀರನ್ನು ತಮ್ಮ ತಮ್ಮ ಮನೆಯಿಂದ ತಂಬಿಗೆಯಲ್ಲಿ ಹೊತ್ತು ತಂದಿದ್ದರು. ಸ್ಕೂಟರಿನ ಮುಂದೆ ಒಂದು ಬಾಟಲಿ ನೇತಾಡುತ್ತಿತ್ತು.

ಮಾದೇವಮ್ಮ ಹೊಸ್ತಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು.

"ಕೋಪ ಬರಲ್ವೇನ್ರೀ ಇದನ್ನ ನೋಡಿದ್ರೆ?" ಎಂದು ಕೇಳಿದೆ.

"ಬತ್ತದೆ ಮೇಡಂ. ಯಾಕ್ ಬರಕ್ಕಿಲ್ಲ?" ಎಂದರು. "ಅದುಕ್ಕೇ ಅವ್ರು ಬರೋ ವೊತ್ತಿಗೆ ಬಾಗ್ಲು ಪೂರ್ತಿ ತಗ್ದು ಇಲ್ಲೇ ಕೂತ್ಕತೀನಿ. ನೋಡ್ಕಂಡೇ ಸುತ್ಲಿ."

ನನ್ನ ವೃತ್ತಿ ಕಲಿಸಿದ್ದು, ಖಾಲಿ ಕಟ್ಟಡದ ಮುಂದೆ ನಿಂತಾಗ ಮೊದಲು ಬಿರುಕು ನೋಡು, ಆಮೇಲೆ ತಾರಸಿ ನೋಡು ಎಂದು. ಆ ಮನೆಯಾದ ಮೇಲೆ ಆ ಕ್ರಮ ಬದಲಾಗಿದೆ. ಈಗಲೂ ಕೆಲವರು ಸಲಹೆಗೆಂದು ಕರೆದು ಖಾಲಿ ಮನೆ ತೋರಿಸುತ್ತಾರೆ, ಇದನ್ನು ಬಳಕೆಗೆ ತರಲು ಏನು ಮಾಡಬೇಕು ಎನ್ನುತ್ತಾರೆ. ಇದನ್ನು ಇಲ್ಲಿಯವರೆಗೆ ಯಾರು ಯಾರು ಕೇಳಿದ್ದರು, ಅವರಿಗೆ ಯಾಕೆ ಕೊಡಲಿಲ್ಲ ಎಂದು ಮೊದಲು ಕೇಳುತ್ತೇನೆ. ಸುತ್ತಿಗೆಯನ್ನು ಚೀಲದಿಂದ ತೆಗೆಯುವುದು ಉತ್ತರ ಬಂದ ಮೇಲೆ. ಅನೇಕರು ಉತ್ತರ ಕೊಡದೆ ಕಾಫಿ ಕೊಟ್ಟು ಕಳಿಸುತ್ತಾರೆ.

ಅಂದು ಹೊರಡುವಾಗ ಮೂರನೇ ಮನೆಯ ಮುಂದೆ ನಿಂತೆ. ಹೊಂಗೆ ಎಲೆ ಬಿದ್ದು ಮಳೆನೀರಿನ ಪೈಪು ಕಟ್ಟಿಕೊಂಡಿದೆ, ಗೋಡೆಯ ಮೇಲೆ ನೀರಿಳಿದ ಕಲೆ ಶುರುವಾಗಿದೆ. ಬೀಗಕ್ಕೆ ತುಕ್ಕು ಹತ್ತಿದೆ. ಆ ಮನೆಯಲ್ಲಿ ಇದುವರೆಗೆ ಯಾರೂ ಸತ್ತಿಲ್ಲ.